ಜಿಂಪಾಚಿ ಹಾಕಿದ ಬಿಳಿ ಸುತ್ತು

ಜಪಾನಿನ ಒಂದು ರೇಷ್ಮೆ ಊರಿನಲ್ಲಿ ಕುವಾನೊ ಎಂಬ ಕಾರ್ಖಾನೆ ಇತ್ತು. ಮೊದಲು ಅಲ್ಲಿ ಗೂಡಿನಿಂದ ನೂಲು ಬಿಚ್ಚುವ ಯಂತ್ರಗಳನ್ನು ಮಾಡುತ್ತಿದ್ದರು. ನಮ್ಮ ಶಿಡ್ಲಘಟ್ಟದವರು ಆ ಊರಿಗೆ ಹೋಗಿದ್ದರೆ ತಮ್ಮೂರಿಗೇ ಬಂದೆವು ಎಂದುಕೊಳ್ಳುತ್ತಿದ್ದರು. ಬೀದಿಯ ತುಂಬ ಬೇಯಿಸಿದ ಗೂಡಿನ ಅದೇ ವಾಸನೆ. ಯುದ್ಧ ಮುಗಿದ ಮೇಲೆ ರೇಷ್ಮೆ ಕೇಳುವವರು ಕಡಿಮೆಯಾದರು. ಆಗ ಯಜಮಾನ ಕುವಾನೊ, "ಇನ್ನು ಕಾರು ಮಾಡೋಣ" ಎಂದರು. ಮಾಡಿಯೇಬಿಟ್ಟರು.

ಮೊದಮೊದಲ ಕಾರುಗಳು ಏರು ಕಂಡರೆ ನಿಂತುಬಿಡುತ್ತಿದ್ದವು. "ಕುವಾನೊ ಕಾರು ಕೊಳ್ಳುವವರು ಜೊತೆಗೊಂದು ಎತ್ತನ್ನೂ ಕೊಂಡುಕೊಳ್ಳಿ" ಎಂದು ಪಟ್ಟಣದ ಟ್ಯಾಕ್ಸಿಯವರು ನಗುತ್ತಿದ್ದರು. ಕಾರ್ಖಾನೆಯವರು ನಗು ನುಂಗಿಕೊಂಡು ಮತ್ತೊಂದು ಕಾರು ಮಾಡುತ್ತಿದ್ದರು.

ರೇಷ್ಮೆ ಯಂತ್ರದ ಕಾಲದಿಂದಲೂ ಅಲ್ಲಿ ಒಂದು ಪದ್ಧತಿ ಉಳಿದುಬಂದಿತ್ತು. ಯಾವ ಕೆಲಸಗಾರನಿಗೇ ಆಗಲಿ, ಯಾವ ಭಾಗದ ಮೇಲೇ ಆಗಲಿ ಅನುಮಾನ ಬಂದರೆ, ಅದರ ಮೇಲೆ ಸೀಮೆಸುಣ್ಣದಿಂದ ಒಂದು ಬಿಳಿ ಸುತ್ತು ಹಾಕಬೇಕು. ಅನುಮಾನ ತೀರಿದ ಮೇಲೆ, ಸುತ್ತು ಹಾಕಿದ ಕೈಯೇ ಅದನ್ನು ಅಳಿಸಬೇಕು. ಬೇರೆ ಯಾರೂ ಅಳಿಸುವಂತಿಲ್ಲ, ಯಜಮಾನರೂ ಅಳಿಸುವಂತಿಲ್ಲ. ಬಿಳಿ ಸುತ್ತು ಇರುವ ಕಾರು ಮಾರಾಟಕ್ಕೆ ಹೋಗುವಂತಿಲ್ಲ.

ಚಕ್ರ ಜೋಡಿಸುವ ಜಿಂಪಾಚಿ ಒಂದು ಶನಿವಾರ ಸಂಜೆ, ಘಾಟಿಯ ರಸ್ತೆಯಲ್ಲಿ ಓಡಿ ಬಂದ ಹೊಸ ಕಾರಿನ ಹಿಂದಿನ ಎಡಚಕ್ರವನ್ನು ಮುಟ್ಟಿ ನೋಡಿದ. ಅದರ ಕೀಲಿನ ಹತ್ತಿರ ಕೈ ಹಾಕಿದ. ಆಮೇಲೆ ಚಕ್ರದ ನಡುವೆ ಒಂದು ಬಿಳಿ ಸುತ್ತು ಹಾಕಿದ. ಅಷ್ಟರಲ್ಲಿ ಕೆಲಸ ಮುಗಿದ ಗಂಟೆ ಹೊಡೆಯಿತು. ಮನೆಗೆ ಬಂದು ಹೆಂಡತಿ ತಾಮಿಗೆ ಹೇಳಿದ್ದು ಎರಡೇ ಮಾತು: "ಒಂದು ಸುತ್ತು ಹಾಕಿ ಬಂದಿದ್ದೀನಿ. ಸೋಮವಾರ ನೋಡ್ತೀನಿ."

ಅವನಿಗೆ ಆ ಸೋಮವಾರ ಬರಲಿಲ್ಲ. ಭಾನುವಾರ ಜ್ವರ ಏರಿತು, ಎದೆ ಕಟ್ಟಿತು, ಬುಧವಾರ ತೀರಿಕೊಂಡ.

ಇಪ್ಪತ್ತು ದಿನ ಕಳೆಯಿತು. ತಾಮಿಯೂ ಅದೇ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಚರ್ಮ ಹೊಲಿಯುವವಳು. ಕೆಲಸಕ್ಕೆ ಮತ್ತೆ ಬಂದ ಮೊದಲ ದಿನ, ಮಂಗಳವಾರ, ಅವಳು ಕಂಡದ್ದು ಇದು: ಮೇಲ್ವಿಚಾರಕ ಸಗಾವಾ ಒದ್ದೆ ಬಟ್ಟೆ ಹಿಡಿದು ಆ ಚಕ್ರದ ಮುಂದೆ ಕೂತಿದ್ದಾನೆ. ಸುತ್ತಲೂ ಜನ.

"ಶನಿವಾರ ಘಾಟಿಯಲ್ಲಿ ಪರೀಕ್ಷೆ ಇದೆ" ಎಂದು ಸಗಾವಾ ಕೂಗುತ್ತಿದ್ದ. "ಟ್ಯಾಕ್ಸಿ ಸಂಘದವರು ಬರ್ತಾರೆ. ಅವರು ಒಪ್ಪಿದರೆ ಕಾರ್ಖಾನೆ ಉಳಿಯುತ್ತೆ, ಇಲ್ಲದಿದ್ದರೆ ಬೀಗ. ನಮ್ಮ ಹತ್ತಿರ ಪೂರ್ತಿಯಾಗಿರೋ ಕಾರು ಇದೊಂದೇ! ಚಕ್ರವನ್ನ ಮೂರು ಸಲ ಬಿಚ್ಚಿ ನೋಡಿದ್ದೀನಿ. ಎಲ್ಲ ಅಳತೆಯೂ ಸರಿ ಇದೆ. ಜ್ವರ ಬಂದವನು ಎಳೆದ ಗೀಟು ಇದು, ಅಷ್ಟೇ!"

ಸೀಟಿನ ವಿಭಾಗದ ಹಿರಿಯಳು ಒಕಾನೆ, ಬಾಯಿಗೆ ಬೀಗವೇ ಇಲ್ಲದವಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸಗಾವಾ ಸಾನ್, ಮನೆಯಲ್ಲಿ ಒಂದು ತಟ್ಟೆ ಒರೆಸಿದವರಲ್ಲ ನೀವು. ಇವತ್ತು ಕೈಗೆ ಬಟ್ಟೆ ಹೇಗೆ ಬಂತು?"

ಜನ ನಕ್ಕರು. ಹೆಸರಿನ ಕೊನೆಗೆ 'ಸಾನ್' ಎಂದು ಸೇರಿಸುವುದು ಅಲ್ಲಿಯ ಮರ್ಯಾದೆ, ನಾವು 'ಅವರೇ' ಎನ್ನುವ ಹಾಗೆ. ಒಕಾನೆ ಮರ್ಯಾದೆ ಕೊಟ್ಟೇ ಮಾನ ಕಳೆಯುವವಳು.

ತಾಮಿ ನಗಲಿಲ್ಲ. ಅವಳ ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಜ್ವರ ಬಂದವನು ಎಳೆದ ಗೀಟು. ಹದಿನೆಂಟು ವರ್ಷ ಆ ಮನುಷ್ಯ ಒಂದು ಸುತ್ತನ್ನೂ ಸುಮ್ಮನೆ ಹಾಕಿರಲಿಲ್ಲ. ಕೊನೆಯದು ಮಾತ್ರ ಸುಳ್ಳಾಯಿತೇ? ಹೌದೆನ್ನಲು ಮನಸ್ಸಿಲ್ಲ. ಅಲ್ಲವೆನ್ನಲು ಅವಳ ಹತ್ತಿರ ಏನೂ ಇರಲಿಲ್ಲ.

ಅಷ್ಟರಲ್ಲಿ ಯಜಮಾನರು ಬಂದರು. ಸಗಾವಾನ ಕೈಯಿಂದ ಬಟ್ಟೆ ತೆಗೆದುಕೊಂಡರು. "ಇವತ್ತು ನಾಳೆ ಎರಡು ದಿನ ಸಮಯ ಕೊಡ್ತೀನಿ. ಈ ಸುತ್ತು ಏನು ಕೇಳ್ತಾ ಇದೆ ಅಂತ ಹುಡುಕಿ. ಉತ್ತರ ಸಿಗದಿದ್ದರೆ ಶನಿವಾರ ನಾವು ಹೋಗೋದಿಲ್ಲ."

"ಬೀಗ ಹಾಕಿದರೂ ಸರಿಯಾ?" ಎಂದ ಸಗಾವಾ.

"ಸುತ್ತು ಅಳಿಸಿ ಪರೀಕ್ಷೆಗೆ ಹೋದರೆ ಆವತ್ತೇ ಬೀಗ ಬಿದ್ದ ಹಾಗೆ" ಎಂದರು ಯಜಮಾನರು.

ತಾಮಿ ಮನೆಗೆ ಹೋದಳು. ಬಾಗಿಲ ಹಿಂದೆ ಜಿಂಪಾಚಿಯ ಕೆಲಸದ ಕೋಟು ತೂಗುತ್ತಿತ್ತು. ಎರಡು ಪದರದ ದಪ್ಪ ಬಟ್ಟೆಯದು. ಇಪ್ಪತ್ತು ದಿನದಿಂದ ಒಗೆದಿರಲಿಲ್ಲ. ಮೂರು ಸಲ ನೀರಿನವರೆಗೆ ಒಯ್ದು ಮೂರು ಸಲ ತಿರುಗಿ ತಂದಿದ್ದಳು. ಈಗ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಬಲತೋಳಿನ ತುದಿಯಲ್ಲಿ ಒಂದು ಗ್ರೀಸಿನ ಕಲೆ. ಚಕ್ರ ಜೋಡಿಸುವವನ ಕೋಟಿನಲ್ಲಿ ಗ್ರೀಸಿಗೇನು ಬರ! ಸುಮ್ಮನೆ ತೋಳನ್ನು ಒಳಹೊರಗಾಗಿ ಮಡಚಿ ನೋಡಿದಳು.

ಮಡಚಿದ ಕೈ ಹಾಗೆಯೇ ನಿಂತುಬಿಟ್ಟಿತು.

ಕಲೆ ಒಳಪದರಕ್ಕೂ ಇಳಿದಿತ್ತು!

ಇಷ್ಟು ವರ್ಷ ಬಟ್ಟೆ ಚರ್ಮಗಳ ಜೊತೆ ಬದುಕಿದವಳು ಅವಳು. ಗ್ರೀಸು ಬಟ್ಟೆಯ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಕೋಟಿನ ಉಳಿದ ಕಲೆಗಳೆಲ್ಲ ಮೇಲೇ ಕೂತಿದ್ದವು. ಇದೊಂದು ಮಾತ್ರ ಎರಡು ಪದರ ದಾಟಿತ್ತು. ನಮ್ಮ ಮನೆಯ ತುಪ್ಪವನ್ನೇ ನೆನೆಯಿರಿ. ಚಳಿಯಲ್ಲಿ ಗಟ್ಟಿ, ಒಲೆಯ ಪಕ್ಕ ಇಟ್ಟರೆ ನೀರು.

ತಾಮಿ ಕೋಟನ್ನು ಎದೆಗೆ ಅವುಚಿಕೊಂಡು ಓಡಿದಳು. ಸೇತುವೆ ದಾಟಿದಳು, ಗೇಟು ದಾಟಿದಳು, ಚಪ್ಪಲಿಯೊಂದು ಎಲ್ಲಿ ಉಳಿಯಿತೋ ತಿಳಿಯಲಿಲ್ಲ.

"ಬಿಸಿ!" ಎಂದಳು ಏದುಸಿರು ಬಿಡುತ್ತ. "ಸಗಾವಾ ಸಾನ್, ಅವರು ಮುಟ್ಟಿದಾಗ ಚಕ್ರ ಬಿಸಿಯಾಗಿತ್ತು. ಗ್ರೀಸು ಕರಗಿ ಹೊರಗೆ ಬರ್ತಾ ಇತ್ತು. ನೀವು ಮೂರು ಸಲ ಬಿಚ್ಚಿದ್ದೂ ತಣ್ಣಗಿದ್ದಾಗಲೇ ಅಲ್ಲವಾ?"

ಸಗಾವಾ ಕಲೆ ನೋಡಿದ. ತಲೆ ಅಲ್ಲಾಡಿಸಿದ. "ತಾಮಿ ಸಾನ್, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದರೆ ಕೀಲಿನ ಹತ್ತಿರ ಒಂದಿಷ್ಟು ಗ್ರೀಸು ಇದ್ದೇ ಇರುತ್ತೆ. ಹೊರಗೆ ಬರದ ಹಾಗೆ ತಡೆಯೋಕೆ ಉಣ್ಣೆಯ ಬಳೆಯೂ ಇದೆ. ಒಂದು ಕಲೆ ನೋಡಿ ಕಾರು ನಿಲ್ಲಿಸೋಕಾಗುತ್ತಾ?"

"ನಿಲ್ಲಿಸಬೇಡಿ. ಓಡಿಸಿ."

"ಸುತ್ತು ಇರೋ ಕಾರನ್ನ ಹೊರಗೆ ತೆಗೆಯೋದಾ? ನಿಯಮ?"

"ಮಾರೋಕೆ ಹೋಗಬಾರದು ಅಂತ ನಿಯಮ" ಎಂದರು ಯಜಮಾನರು. "ಉತ್ತರ ಹುಡುಕೋಕೆ ಹೋಗಬಹುದು. ಬೆಳಗಾಗುತ್ತಲೇ ಹೊರಡೋಣ!"

ಬುಧವಾರ ಬೆಳಿಗ್ಗೆ ಕಾರು ಘಾಟಿ ಹತ್ತಿತು. ಸಗಾವಾ ಓಡಿಸುತ್ತಿದ್ದ, ಪಕ್ಕದಲ್ಲಿ ಯಜಮಾನರು, ಹಿಂದೆ ತಾಮಿ ಮತ್ತು ಒಕಾನೆ. ಒಕಾನೆಯನ್ನು ಯಾರೂ ಕರೆದಿರಲಿಲ್ಲ. "ಪರೀಕ್ಷೆಗೆ ಕಾರಲ್ಲಿ ಭಾರ ಬೇಕಲ್ಲ, ನನಗಿಂತ ಭಾರ ಈ ಊರಲ್ಲಿ ಎಲ್ಲಿ ಸಿಗುತ್ತೆ?" ಎಂದು ಹತ್ತಿ ಕೂತಿದ್ದಳು.

ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಹತ್ತೊಂಬತ್ತು ತಿರುವು. ಸಗಾವಾ ನಿಧಾನವಾಗಿ, ಪ್ರತಿ ತಿರುವಿಗೂ ಬ್ರೇಕು ಒತ್ತುತ್ತ ಇಳಿಸಿದ. ಐದನೆಯ ತಿರುವು, ಸರಿ. ಎಂಟನೆಯದು, ಸರಿ. "ನೋಡಿದಿರಾ?" ಎಂದ ಸಗಾವಾ. ತಾಮಿ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಹತ್ತನೆಯದೂ ಸರಿ. ಹಾಗಾದರೆ ಜ್ವರವೇ ಇರಬಹುದು ಎಂದುಕೊಂಡಳು.

ಹನ್ನೆರಡನೆಯ ತಿರುವಿನಲ್ಲಿ ಒಂದು ಸುಟ್ಟ ವಾಸನೆ ಬಂತು.

ಹದಿಮೂರನೆಯದರಲ್ಲಿ ಸಗಾವಾ ಬ್ರೇಕು ಒತ್ತಿದ. ಕಾರು ಬಲಕ್ಕೆ ಎಳೆಯಿತು. ಬಲಕ್ಕೆ ಕಣಿವೆ! ಇನ್ನೊಮ್ಮೆ ಒತ್ತಿದ. ಇನ್ನಷ್ಟು ಎಳೆಯಿತು. "ಹಿಡಿದುಕೊಳ್ಳಿ!" ಎಂದು ಕೂಗಿ ಗೇರು ಇಳಿಸಿದ, ಕೈಬ್ರೇಕು ಎಳೆದ, ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ. ಕಾರು ಗುಡ್ಡದ ಮಣ್ಣನ್ನು ಉಜ್ಜಿಕೊಂಡು, ಬಿದಿರ ಮೆಳೆಯೊಳಗೆ ಮೂಗು ತೂರಿಸಿ ನಿಂತಿತು.

"ನಾನು ಭಾರ ಅಂತ ಹೇಳಿದ್ದೆ" ಎಂದಳು ಒಕಾನೆ ಸಣ್ಣ ದನಿಯಲ್ಲಿ, "ಇಷ್ಟೊಂದು ಅಂತ ಹೇಳಿರಲಿಲ್ಲ."

ಬಿಸಿ ಆರುವ ಮೊದಲೇ ಎಡಚಕ್ರ ಬಿಚ್ಚಿದರು. ಕರಗಿದ ಗ್ರೀಸು ಉಣ್ಣೆಯ ಬಳೆಯನ್ನು ನೆನೆಸಿ, ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕಿನ ಪಟ್ಟಿಯ ಮೇಲೆಲ್ಲ ಹರಿದಿತ್ತು. ಬಲಗಡೆಯ ಬ್ರೇಕು ಹಿಡಿಯುತ್ತಿತ್ತು, ಎಡಗಡೆಯದು ಜಾರುತ್ತಿತ್ತು. ಅದಕ್ಕೇ ಕಾರು ಕಣಿವೆಗೆ ಎಳೆದದ್ದು. ಒಂದು ಗಂಟೆ ಬಿಟ್ಟಿದ್ದರೆ ಗ್ರೀಸು ಮತ್ತೆ ಗಟ್ಟಿಯಾಗಿ, ಕೀಲಿನ ಹತ್ತಿರ ಇದ್ದೇ ಇರುವ ಒಂದಿಷ್ಟು ಗ್ರೀಸಿನ ಹಾಗೆ ಕಾಣುತ್ತಿತ್ತು.

ಸಗಾವಾ ರಸ್ತೆಯ ಮೇಲೇ ಮಂಡಿಯೂರಿ ತಾಮಿಗೆ ತಲೆಬಾಗಿದ. "ಜ್ವರ ಬಂದಿದ್ದು ಜಿಂಪಾಚಿಗಲ್ಲ, ತಾಮಿ ಸಾನ್. ನನಗೆ."

ತಾಮಿ ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.

ಆಮೇಲೆ ಕಾರ್ಖಾನೆಯಲ್ಲಿ ಏನು ಸಡಗರ! ಉಣ್ಣೆ ಬೇಡ, ಚರ್ಮದ ಬಳೆ ಹಾಕೋಣ ಎಂದವಳು ತಾಮಿಯೇ. "ಸೀಟಿನ ಚರ್ಮ ಎಣ್ಣೆ ಹೀರದ ಹಾಗೆ ಹದ ಮಾಡ್ತೀವಿ. ಅದನ್ನೇ ಕತ್ತರಿಸಿದರೆ?" ಹನ್ನೊಂದು ಬಳೆ ಕತ್ತರಿಸಿ ನೋಡಿದರು. ಒಂದು ದಪ್ಪ, ಒಂದು ತೆಳು, ಒಂದು ಕುಗ್ಗಿತು. ಹನ್ನೆರಡನೆಯದು ಕೂತಿತು. ಗುರುವಾರ ಮತ್ತೆ ಘಾಟಿ ಹತ್ತಿ, ಹತ್ತೊಂಬತ್ತು ತಿರುವನ್ನೂ ಇಳಿದು, ಒಮ್ಮೆ ಅಲ್ಲ ನಾಲ್ಕು ಸಲ ಇಳಿದು ಬಂದರು. ಯಜಮಾನರು ಕಾದ ಚಕ್ರದ ಹಿಂದೆ ಕೈ ಹಾಕಿದರು. ಅಂಗೈ ಸುಟ್ಟು ಕೆಂಪಾಯಿತು, ಒಂದು ಹನಿ ಗ್ರೀಸೂ ಅಂಟಲಿಲ್ಲ.

"ಸರಿ, ಇನ್ನು ಸುತ್ತು ಅಳಿಸೋಣ" ಎಂದನೊಬ್ಬ ಕೆಲಸಗಾರ.

"ಯಾರೂ ಮುಟ್ಟಬೇಡಿ!" ಎಂದು ಗುಡುಗಿದವನು ಯಾರು ಗೊತ್ತೇ? ಸಗಾವಾ. "ಹಾಕಿದ ಕೈಯೇ ಅಳಿಸಬೇಕು."

ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ಕೈ ಎಲ್ಲಿದೆ? ಅನುಮಾನ ತೀರಿದೆ, ಕಾರು ಸಿದ್ಧವಾಗಿದೆ, ಆದರೆ ಬಿಳಿ ಸುತ್ತು ಹಾಗೇ ಇದೆ. ತಮ್ಮ ಅಪ್ಪನ ಕಾಲದಿಂದ ಬಂದ ನಿಯಮ ಹೀಗೊಂದು ದಿನ ಅಡ್ಡ ಬಂದೀತೆಂದು ಯಜಮಾನರೂ ಎಣಿಸಿರಲಿಲ್ಲ.

ತಾಮಿ ಮುಂದೆ ಬಂದಳು. ಜಿಂಪಾಚಿಯ ಕೋಟನ್ನು ತೊಟ್ಟುಕೊಂಡಳು. ಅದು ಅವಳಿಗೆ ದೊಡ್ಡದು. ತೋಳು ಬೆರಳು ದಾಟಿ ಜೋತುಬಿದ್ದಿತು. ಆ ಕಲೆಯಿದ್ದ ಬಲತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಚಕ್ರದ ಮುಂದೆ ಕೂತು, ಬಿಳಿ ಸುತ್ತನ್ನು ಒರೆಸಿದಳು. ಸುಣ್ಣದ ಪುಡಿ ಗ್ರೀಸಿನ ಕಲೆಗೆ ಅಂಟಿಕೊಂಡಿತು.

ಅದು ನಿಯಮಕ್ಕೆ ಸರಿಯೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಶನಿವಾರ ಘಾಟಿಯ ಬುಡದಲ್ಲಿ ಜಾತ್ರೆಯಷ್ಟು ಜನ. "ಎತ್ತು ಎಲ್ಲಿ ಬಿಟ್ಟು ಬಂದಿರಿ?" ಎಂದು ಒಬ್ಬ ಟ್ಯಾಕ್ಸಿಯವನು ಕೂಗಿದ. "ನೀನು ಇಲ್ಲೇ ನಿಂತಿದ್ದೀಯಲ್ಲಪ್ಪ, ಬೇಕಾದರೆ ಕಟ್ಟಿಕೊಳ್ತೀವಿ" ಎಂದಳು ಒಕಾನೆ. ಬೇರೆ ಬೇರೆ ಕಾರ್ಖಾನೆಗಳಿಂದ ಬಂದದ್ದು ಐದು ಕಾರು. ವೇಗದಲ್ಲಿ ಕುವಾನೊ ಮೂರನೆಯದಾಯಿತು. ಆದರೆ ಸಂಘದ ಮುಖ್ಯಸ್ಥ, ನಲವತ್ತು ವರ್ಷ ಟ್ಯಾಕ್ಸಿ ಓಡಿಸಿದ ಮುದುಕ, ವೇಗ ನೋಡಲು ಬಂದಿರಲಿಲ್ಲ. ಇಳಿದು ಬಂದ ಪ್ರತಿ ಕಾರಿನ ಚಕ್ರದ ಹಿಂದೆಯೂ ಬಗ್ಗಿ ಕೈ ಹಾಕಿ ನೋಡಿದ. ಕುವಾನೊ ಕಾರಿನ ಹಿಂದೆ ಬಗ್ಗಿದವನು ಬಹಳ ಹೊತ್ತಾದರೂ ಏಳಲಿಲ್ಲ. ಎದ್ದಾಗ ಗ್ರೀಸು ಅಂಟದ ಅಂಗೈಯನ್ನು ಎಲ್ಲರಿಗೂ ತೋರಿಸಿದ.

"ಘಾಟಿ ಹತ್ತೋ ಕಾರು ಬೇಕಾದಷ್ಟು ನೋಡಿದ್ದೀನಿ" ಎಂದ. "ನನ್ನ ಹುಡುಗರು ಮನೆಗೆ ಇಳಿದು ಬರಬೇಕು. ನಮಗೆ ಇದನ್ನೇ ಕೊಡಿ. ಮೂವತ್ತು ಕಾರು!"

ಟೋಪಿಗಳು ಆಕಾಶಕ್ಕೆ ಹಾರಿದವು. ಸಗಾವಾ ಕಾರಿನ ಮೂತಿಯನ್ನು ಎತ್ತಿನ ಮೂತಿ ಸವರಿದ ಹಾಗೆ ಸವರಿದ.

ಮುಂದೆ ಆ ಕಾರ್ಖಾನೆ ಬೆಳೆಯಿತು. ಹಡಗು ಹತ್ತಿ ದೂರದೂರದ ದೇಶಗಳಿಗೆ ಅದರ ಕಾರುಗಳು ಹೋದವು. ಮರುಭೂಮಿಯಲ್ಲಿ, ಮಂಜಿನಲ್ಲಿ, ಹೆಸರೇ ಕೇಳದ ಊರುಗಳಲ್ಲಿ ಜನ ಒಂದೇ ಮಾತು ಹೇಳತೊಡಗಿದರು: "ಕುವಾನೊ ಕೈ ಕೊಡುವುದಿಲ್ಲ." ಹಾಗೆ ಹೇಳಿದವರಲ್ಲಿ ಜಿಂಪಾಚಿಯ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಗೆದ್ದ ಆ ಶನಿವಾರ ಸಂಜೆ, ಊರೆಲ್ಲ ಹಾಡುತ್ತಿದ್ದಾಗ, ತಾಮಿ ಕೋಟನ್ನು ಹೊಳೆಯ ಮೆಟ್ಟಿಲಿಗೆ ಒಯ್ದಳು. ಈ ಸಲ ತಿರುಗಿ ತರಲಿಲ್ಲ. ತೋಳಿನಿಂದ ಸುಣ್ಣ ಬಿಳಿಯಾಗಿ ನೀರಿಗಿಳಿದು ಹರಿದುಹೋಯಿತು. ಎರಡು ಪದರ ದಾಟಿದ ಆ ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಇರಲಿ ಎಂದು ಅವಳು ಕೋಟನ್ನು ಹಿಂಡಿ, ಕೊಡವಿ, ಬಿದಿರ ಗಳುವಿನ ಮೇಲೆ ಗಾಳಿಗೆ ಹರವಿದಳು.

ನೀತಿ: ಇನ್ನೊಬ್ಬರ ಅನುಮಾನವನ್ನು ಒರೆಸಿಹಾಕುವುದು ಸುಲಭ, ಅದಕ್ಕೆ ಉತ್ತರ ಹುಡುಕುವುದು ಕಷ್ಟ. ಆ ಕಷ್ಟವನ್ನು ಯಾರೂ ನೋಡದಿದ್ದಾಗಲೂ ಪಟ್ಟವರಿಗೆ ಮಾತ್ರ ಒಳ್ಳೆಯ ಹೆಸರು ನಿಲ್ಲುತ್ತದೆ.