ಬಳೆಗಾರನ ಹೆಂಡತಿ ಕುಡಿದ ನೀರು

"ಗುರುಗಳೇ, ಒಳಗೆ ಏನೂ ಅಲುಗಾಡದ ಮನಸ್ಸು ಹೇಗೆ ಸಿಗುತ್ತದೆ?"

ಕಲ್ಲೇಶ ಹಾಗೆ ಕೇಳಿದಾಗ ಅವನ ಬಟ್ಟೆಯ ಗಂಟು ಹೆಗಲ ಮೇಲೇ ಇತ್ತು. ಆ ಬೆಳಿಗ್ಗೆ ಅವನು ಆಶ್ರಮದ ಅಡುಗೆಯ ಸಿದ್ಧಣ್ಣನ ಮೇಲೆ ರೇಗಿ ಬಾಯಿಗೆ ಬಂದಂತೆ ಬೈದಿದ್ದ. ಬೈದ ಮೇಲೆ ಅವನ ಮುಖ ನೋಡಲಾಗದೆ ಊಟ ಬಿಟ್ಟಿದ್ದ.

"ನನ್ನೊಳಗೆ ಸಿಟ್ಟು, ಹೊಟ್ಟೆಕಿಚ್ಚು, ಇಲ್ಲದ್ದೇ ಇಲ್ಲ. ಕಲಿಯಲು ಬಂದವನ ಮನಸ್ಸು ಇದಲ್ಲ, ಬಿಡಿ. ನೀವು ಹೂಂ ಅಂದರೆ ಹೊರಟುಬಿಡುತ್ತೇನೆ."

ಗುರುಗಳು ಪಕ್ಕದ ಜಾಗ ತೋರಿಸಿದರು. ಕಲ್ಲೇಶ ಗಂಟು ಇಳಿಸದೆಯೇ ಕುಳಿತ. ಅವರು ಹೇಳತೊಡಗಿದರು.

ಒಬ್ಬ ಬಳೆಗಾರ. ಅವನ ಹೆಂಡತಿ. ಎದೆಹಾಲು ಕುಡಿಯುವ ಒಂದು ಮಗು. ಬಳೆಯ ಹೊರೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಕಾಡು ದಾಟುತ್ತಿದ್ದರು. ದಾರಿಯಲ್ಲಿ ನೀರಿನ ತೊಗಲುಚೀಲಕ್ಕೆ ಮುಳ್ಳು ತಾಗಿತು. ಸೋರುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಚೀಲ ಬರಿದಾಗಿತ್ತು.

ಮರುದಿನ ನಡುಹಗಲಿಗೆ ಹೆಂಡತಿಯ ಎದೆಯಲ್ಲಿ ಹಾಲು ನಿಂತಿತು. ಮಗು ಚೀಪಿತು, ಬಿಟ್ಟಿತು, ಅತ್ತಿತು. ಮತ್ತೆ ಚೀಪಿತು. ಆಮೇಲೆ ಅಳುವುದನ್ನೂ ಬಿಟ್ಟಿತು. ಅವಳ ನಡಿಗೆ ಬಿರುಸಾಯಿತು.

ಒಂದು ಇಳಿಜಾರಿನಲ್ಲಿ ಎರಡು ಕಡೆ ನೀರು ಕಂಡಿತು. ಮೇಲೆ, ಬಂಡೆಗಳ ನಡುವೆ ಒಂದು ಹೊಂಡ. ತಳದ ಕಲ್ಲು ಕಾಣುವಷ್ಟು ತಿಳಿ. ಕೆಳಗೆ, ಹಳ್ಳದ ಮರಳಿನಲ್ಲಿ ಒಂದು ಮಡು. ಕೆಂಪು ರಾಡಿ, ಅಂಚಿನ ತುಂಬ ಕಪ್ಪೆ.

ಬಳೆಗಾರ ಹೊಂಡದ ಕಡೆ ಓಡಿದ. ಬೊಗಸೆಯಲ್ಲಿ ನೀರೆತ್ತಿ, ಬಳೆ ಪರೀಕ್ಷಿಸುವ ಹಾಗೆ ಬಿಸಿಲಿಗೆ ಹಿಡಿದ. ಗಾಜಿನಲ್ಲಿ ಗುಳ್ಳೆ ಇಲ್ಲವೆಂದರೆ ಅವನ ಪಾಲಿಗೆ ಅದು ಒಳ್ಳೆಯ ಮಾಲು.

"ಬಾರೇ ಇಲ್ಲಿ! ಒಂದು ಗುಳ್ಳೆ ಇಲ್ಲ, ಒಂದು ಕಸ ಇಲ್ಲ. ರಾಣಿ ಕೈಗೆ ತೊಡಿಸೋ ಹಾಗಿದೆ!"

"ತೊಡೋದಕ್ಕಲ್ಲ, ಕುಡಿಯೋದಕ್ಕೆ ಬೇಕಾಗಿರೋದು. ತಡೀರಿ, ಬಾಯಿಗೆ ಹಾಕಬೇಡಿ."

ಅವಳು ಹೊಂಡದ ಸುತ್ತ ನಡೆದು ನೋಡಿದಳು. ಅಂಚಿನ ಮಣ್ಣಿನಲ್ಲಿ ಒಂದು ಗೊರಸಿನ ಗುರುತೂ ಇರಲಿಲ್ಲ. ನೀರಿನ ಮೇಲೆ ಒಂದು ಹುಳವೂ ಓಡಾಡುತ್ತಿರಲಿಲ್ಲ. ಹಸಿರು ಹುಲ್ಲು ಒಂದು ಮಾರು ದೂರದಲ್ಲೇ ನಿಂತುಬಿಟ್ಟಿತ್ತು. ಕಲ್ಲಿನ ಮೇಲೆ ಹಳದಿ ಪುಡಿ ಕಟ್ಟಿತ್ತು. ಬಾಯಾರಿದ ಕತ್ತೆ ಮೂತಿ ಚಾಚಿ ಮೂಸಿತು, ಹಿಂದೆ ಸರಿಯಿತು.

"ಕತ್ತೆ ಬೇಡ ಅಂತಿದೆ."

"ಕತ್ತೆಗೇನು ಗೊತ್ತು ಗಾಜಿನ ಬೆಲೆ!"

"ಇಷ್ಟು ದೊಡ್ಡ ಕಾಡಿನಲ್ಲಿ ಒಂದು ಕಪ್ಪೆಗೂ ಬೇಡವಾದ ನೀರು ನನ್ನ ಮಗುವಿಗೆ ಹಾಲಾಗುತ್ತಾ? ನೀವೇ ಹೇಳಿ."

ಬಳೆಗಾರ ಬೊಗಸೆ ಸಡಿಲಿಸಿದ. ನೀರು ಬೆರಳ ಸಂದಿಯಿಂದ ಇಳಿದುಹೋಯಿತು. ಅದನ್ನು ನೋಡುತ್ತ ನಿಲ್ಲುವುದು ಅವನಿಗೆ ಸುಲಭವಾಗಿರಲಿಲ್ಲ.

ಇಬ್ಬರೂ ಮಡುವಿಗೆ ಇಳಿದರು. ಅಲ್ಲಿ ಜಿಂಕೆಯ ಹೆಜ್ಜೆಗಳಿದ್ದವು, ಹಂದಿ ಹೊರಳಿದ ಗುರುತಿತ್ತು. ಕಪ್ಪೆಗಳು ಬೆದರಿ ನೀರಿಗೆ ಹಾರಿದವು. ತುಸು ಹೊತ್ತಿಗೆ ಮತ್ತೆ ಕೂಗತೊಡಗಿದವು.

"ಹಂದಿ ಸ್ನಾನ ಮಾಡಿದ ನೀರು ಕುಡಿಸ್ತೀಯಾ ನನಗೆ?"

"ಇದ್ದ ಹಾಗೇ ಕುಡೀರಿ ಅಂದೆನಾ?"

ಅವಳು ಮಡುವಿನಿಂದ ತುಸು ಆಚೆ ಮರಳು ತೋಡಿದಳು. ಮೊಣಕೈ ಆಳಕ್ಕೆ ಮರಳು ಒದ್ದೆಯಾಯಿತು. ಗುಂಡಿಯಲ್ಲಿ ನೀರು ಒಸರಿತು. ಕೆಂಪಗಿತ್ತು. ಎತ್ತಿ ಚೆಲ್ಲಿದಳು. ಮತ್ತೆ ಒಸರಿತು, ಮತ್ತೆ ಚೆಲ್ಲಿದಳು. ನಾಲಿಗೆ ಒಣಗಿದ ಬಳೆಗಾರ ಆ ಕಡೆ ನೋಡದೆ ಕುಳಿತ. ಕೊನೆಗೆ ಗುಂಡಿಯಲ್ಲಿ ತಿಳಿನೀರು ನಿಂತಿತು. ಅವಳು ಸೆರಗನ್ನು ಮಡಿಸಿ ತಂಬಿಗೆಯ ಬಾಯಿಗೆ ಹಿಡಿದು, ಸೋಸಿ ತುಂಬಿದಳು.

"ತಿಳಿಯಾಯ್ತಲ್ಲ, ಇನ್ನು ಕುಡಿಯೇ."

"ಆ ಮೇಲಿನದೂ ತಿಳಿಯಾಗೇ ಇತ್ತು. ಬೆಂಕಿ ಬೇಕು."

ಹಳ್ಳದಲ್ಲಿ ತೇಲಿ ಬಂದ ಕಟ್ಟಿಗೆ ಬೇಕಾದಷ್ಟಿತ್ತು. ಹೊತ್ತಿಸಲು ಒಣಹುಲ್ಲಿರಲಿಲ್ಲ. ಚಕಮಕಿಯ ಕಿಡಿ ದಪ್ಪ ಕಟ್ಟಿಗೆಯ ಮೇಲೆ ಬಿದ್ದು ಬಿದ್ದು ಆರಿತು. ಮಗುವಿನ ತುಟಿ ಬಿರಿದಿತ್ತು. ಅವಳು ಮತ್ತೆ ಚಕಮಕಿ ಕುಟ್ಟಿದಳು.

ಬಳೆಗಾರ ಎದ್ದ. ಕತ್ತೆಯ ಮೇಲಿನ ಹೊರೆ ಬಿಚ್ಚಿದ. ಬಳೆಗಳು ಒಂದಕ್ಕೊಂದು ತಾಗದಿರಲಿ ಎಂದು ನಡುವೆ ತುರುಕಿದ್ದ ಒಣಹುಲ್ಲನ್ನೆಲ್ಲ ಎಳೆದು ತಂದು ಅವಳ ಮುಂದೆ ಹಾಕಿದ.

"ಬಳೆ ಒಡೆದುಹೋಗ್ತವೆ ಕಣ್ರೀ."

"ಒಡೆದರೆ ಒಡೆಯಲಿ. ಊದು."

ಉರಿ ಹತ್ತಿತು. ತುಂಬ ಹೊತ್ತಿನ ಮೇಲೆ ನೀರು ಕುದಿಯಿತು. ಬಳೆಗಾರ ಬಗ್ಗಿ ನೋಡಿದ. ತಂಬಿಗೆಯ ತುಂಬ ಗುಳ್ಳೆಗಳು. ಅಷ್ಟು ಚೆಂದದ ಗುಳ್ಳೆಗಳನ್ನು ಅವನು ಎಂದೂ ನೋಡಿರಲಿಲ್ಲ.

ಅವಳು ಇನ್ನಷ್ಟು ಕುದಿಸಿ ಇಳಿಸಿದಳು. ತಂಬಿಗೆಯನ್ನು ಒದ್ದೆ ಮರಳಿನಲ್ಲಿ ಊರಿ ಆರಿಸಿದಳು. ಮೊದಲ ತಂಬಿಗೆಯನ್ನು ಗಂಡ ಅವಳಿಗೇ ಕುಡಿಸಿದ. ಎರಡನೆಯದನ್ನು ಕಾಯಿಸಲು ಅವನೇ ಕುಳಿತ. ಹೊತ್ತು ಇಳಿಯುವಾಗ ಮಗುವಿನ ಗಂಟಲಲ್ಲಿ ಹಾಲು ಇಳಿಯುವ ಗುಟುಕಿನ ಸದ್ದು ಕೇಳಿಸಿತು. ಬಳೆಗಾರ ಮುಖ ಆ ಕಡೆ ತಿರುಗಿಸಿಕೊಂಡು, ಏನೂ ಆಗದವನ ಹಾಗೆ ಕತ್ತೆಯ ಕಿವಿ ಸವರುತ್ತ ನಿಂತ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಾನು ಹಂದಿ ಹೊರಳಿದ ಮಡು. ಅಷ್ಟೇ ತಾನೆ, ಗುರುಗಳೇ?" ಎಂದು ಕಲ್ಲೇಶ ಕೇಳಿದ. ನಗಲು ನೋಡಿದ, ಆಗಲಿಲ್ಲ.

ಗುರುಗಳು ಕೈ ಚಾಚಿ ಅವನ ಹೆಗಲಿನ ಗಂಟನ್ನು ತಾವೇ ಇಳಿಸಿದರು.

"ಬೈದ ಮೇಲೆ ತುತ್ತು ಇಳಿಯದವನ ಒಳಗೆ ಕಪ್ಪೆ ಇನ್ನೂ ಕೂಗುತ್ತಿದೆ, ಹೋಗು, ಸಿದ್ಧಣ್ಣನ ಒಲೆ ಊದು."