ಚೋಕಿಯ ನಗು ಹೋದ ಮಧ್ಯಾಹ್ನ

ಮುಂಡಗೋಡಿನ ಟಿಬೆಟನ್ ಕ್ಯಾಂಪು. ಅಲ್ಲೊಬ್ಬಳು ಪುಟ್ಟ ಹುಡುಗಿ, ಚೋಕಿ. ಒಂದು ಮಧ್ಯಾಹ್ನ ಅವಳ ನಗು ಕಳೆದುಹೋಯಿತು. ಕನ್ನಡಿ ನೋಡಿದಳು. ಇಲ್ಲ. ಕೆನ್ನೆ ಹಿಡಿದು ಎಳೆದಳು. ಇಲ್ಲ.

ಅಮ್ಮನ ಹತ್ತಿರ ಹೋದಳು. ಅಮ್ಮ ರತ್ನಗಂಬಳಿ ನೇಯುತ್ತಿದ್ದಳು.

"ಅಮ್ಮಾ, ನನ್ನ ನಗು ಹೋಯಿತು. ನೇಯುವುದು ಬಿಡು, ಇತ್ತ ನೋಡು."

ಅಮ್ಮನಿಗೆ ಸುಸ್ತು. ಆದರೂ ಬಿಡಲಿಲ್ಲ. ಅಜ್ಜಿ ನೂಲು ಕೊಡುತ್ತಲೇ ಇದ್ದಾಳೆ, ಅಜ್ಜಿ ಬಿಟ್ಟರೆ ಬಿಡುತ್ತೇನೆ ಎಂದಳು.

ಅಜ್ಜಿಯ ಹತ್ತಿರ ಹೋದಳು.

"ಅಜ್ಜೀ, ನನ್ನ ನಗು ಹೋಯಿತು. ಅಮ್ಮ ನೇಯುವುದು ಬಿಡಲ್ಲ. ನೀನು ನೂಲುವುದು ಬಿಡು."

ಅಜ್ಜಿಗೆ ಸುಸ್ತು. ಆದರೂ ಬಿಡಲಿಲ್ಲ. ಮಾವ ಉಣ್ಣೆ ಬಾಚಿ ಕೊಡುತ್ತಲೇ ಇದ್ದಾನೆ, ಅವನು ಬಿಟ್ಟರೆ ಬಿಡುತ್ತೇನೆ ಎಂದಳು.

ಮಾವನ ಹತ್ತಿರ ಹೋದಳು.

"ಮಾವಾ, ನನ್ನ ನಗು ಹೋಯಿತು. ಅಮ್ಮ ನೇಯುವುದು ಬಿಡಲ್ಲ. ಅಜ್ಜಿ ನೂಲುವುದು ಬಿಡಲ್ಲ. ನೀನು ಉಣ್ಣೆ ಬಾಚುವುದು ಬಿಡು."

"ನಗು ಬೇಕಂತೆ ನಗು. ಮೊದಲು ನನ್ನ ಸೊಂಟ ಹುಡುಕಿಕೊಡು" ಎಂದ ಮಾವ. ಮಠದ ಗಂಟೆ ಹೊಡೆದರೆ ಎಲ್ಲರೂ ಕೈಯಲ್ಲಿನ ಕೆಲಸ ಬಿಡಬೇಕು. ಸುಮ್ಮನೆ ಕೂತು ಉಸಿರು ನೋಡಬೇಕು. ಅದು ಕ್ಯಾಂಪಿನ ರೂಢಿ. ಇವತ್ತು ಗಂಟೆಯೇ ಹೊಡೆದಿಲ್ಲ, ಹೊಡೆದರೆ ಬಿಡುತ್ತೇನೆ ಎಂದ.

ಚೋಕಿ ಮಠಕ್ಕೆ ಹೋದಳು. ಗಂಟೆ ಹೊಡೆಯುವ ಲಾಮಾ ತಾತ ಅರಳಿಮರದ ಕೆಳಗೆ ಕಸ ಗುಡಿಸುತ್ತಿದ್ದ.

"ತಾತಾ, ನನ್ನ ನಗು ಹೋಯಿತು. ಅಮ್ಮ ನೇಯುವುದು ಬಿಡಲ್ಲ. ಅಜ್ಜಿ ನೂಲುವುದು ಬಿಡಲ್ಲ. ಮಾವ ಬಾಚುವುದು ಬಿಡಲ್ಲ. ನೀನು ಗಂಟೆ ಹೊಡಿ."

ತಾತನಿಗೆ ಸುಸ್ತು. ಅಂಗಳ ಚೊಕ್ಕಟವಾಗಲಿ, ಆಮೇಲೆ ಹೊಡೆಯುತ್ತೇನೆ ಎಂದ. ಗುಡಿಸಿದ. ಎಲೆ ಬಿತ್ತು. ಗುಡಿಸಿದ. ಎಲೆ ಬಿತ್ತು.

ಕೇಳಲು ಇನ್ನು ಯಾರೂ ಇರಲಿಲ್ಲ. ಚೋಕಿಗೂ ಸುಸ್ತು. ಅಲ್ಲೇ ಕೂತಳು. ಉಸಿರು ಒಳಗೆ ಹೋಯಿತು. ಉಸಿರು ಹೊರಗೆ ಬಂತು. ಎಲೆ ಬಿತ್ತು.

"ಬೀಳಲಿ ಬಿಡು ತಾತ" ಎಂದಳು.

ತಾತ ಅವಳನ್ನು ನೋಡಿದ. ಮರ ನೋಡಿದ. ಪೊರಕೆ ಕೆಳಗಿಟ್ಟ. ಅವಳ ಪಕ್ಕ ಕೂತ. ಉಸಿರು ಒಳಗೆ ಹೋಯಿತು. ಉಸಿರು ಹೊರಗೆ ಬಂತು. ಆಮೇಲೆ ಎದ್ದು ಹಗ್ಗ ಎಳೆದ.

ಢಣ್.

ತಾತ ಗುಡಿಸುವುದು ಬಿಟ್ಟ. ಗಂಟೆ ಹೊಡೆಯಿತು. ಮಾವ ಬಾಚುವುದು ಬಿಟ್ಟ. ಅಜ್ಜಿ ನೂಲುವುದು ಬಿಟ್ಟಳು. ಅಮ್ಮ ನೇಯುವುದು ಬಿಟ್ಟಳು. ಚೋಕಿ ಮನೆಗೆ ಬಂದಳು. ಅಮ್ಮ ತಲೆ ಎತ್ತಿ ಅವಳನ್ನು ನೋಡಿದಳು. ಹತ್ತಿರ ಕೂರಿಸಿಕೊಂಡಳು. ಎಲ್ಲರೂ ಸುಮ್ಮನೆ ಕೂತರು.

ಅಜ್ಜಿ ಮಾವನ ಕಡೆ ತಿರುಗಿದಳು. ತಲೆ, ಹುಬ್ಬು, ಮೀಸೆ, ಎಲ್ಲಾ ಉಣ್ಣೆ.

"ಈ ಕುರಿ ಯಾವಾಗ ಒಳಗೆ ಬಂತು?" ಎಂದಳು.

ಚೋಕಿ ನಕ್ಕಳು.

ಅಷ್ಟೇ. ಇನ್ನು ನೀವೂ ಕಣ್ಣು ಮುಚ್ಚಿ ಮಲಗಿ.