ಕಾವಲು ದಾಟುವ ಮದ್ದು

ಆಶ್ರಮದ ವೈದ್ಯರಾದ ಪದ್ಮರಾಜ ಪಂಡಿತರು ಬೆಳಿಗ್ಗೆ ತಮ್ಮ ಶಿಷ್ಯೆಯನ್ನು ಜಿನ್ನಮ್ಮ ಎಂದು ಕರೆದರು. ಜಿನ್ನಮ್ಮ ಅವರ ಅಕ್ಕ. ತೀರಿಕೊಂಡು ಮೂವತ್ತು ವರ್ಷವಾಗಿತ್ತು.

ಶಿಷ್ಯೆಯ ಹೆಸರು ಸುನಂದೆ. ಆ ವಾರದಲ್ಲಿ ಹೀಗಾದದ್ದು ನಾಲ್ಕನೆಯ ಸಲ.

ನಾಡಿ ಹಿಡಿದರೆ ಸಾಕು, ರೋಗಿ ನಿನ್ನೆ ಏನು ತಿಂದಿದ್ದ ಎಂದು ಹೇಳುತ್ತಿದ್ದ ಮನುಷ್ಯ. ಈಗ ತಾವು ಉಂಡದ್ದೇ ನೆನಪಿರುತ್ತಿರಲಿಲ್ಲ. ಮರೆವಿಗೆ ಯಾರ ಮುಲಾಜೂ ಇಲ್ಲ ನೋಡಿ.

ಮಧ್ಯಾಹ್ನ ಸುನಂದೆ ತಾನು ಕೆಲಸ ಮಾಡುವ ಪೇಟೆಯ ಲ್ಯಾಬಿನಿಂದ ಒಂದು ಪುಟ್ಟ ಶೀಶೆ ತಂದಳು. ಪಂಡಿತರು ಆಶ್ರಮದ ಹಿಂದೆ, ಹೊಳೆದಂಡೆಯಲ್ಲಿ ಕೂತು ಒಂದೆಲಗದ ಸೊಪ್ಪು ಸೋಸುತ್ತಿದ್ದರು.

“ಏನದು?”

“ಒಂದೆಲಗದ ಸಾರ, ಗುರುಗಳೇ. ನಿಮ್ಮ ಮರೆವಿಗೆ.”

“ನಲವತ್ತು ವರ್ಷದಿಂದ ಚಟ್ನಿ ಮಾಡಿ ತಿಂತಿದ್ದೀನಿ. ತಲೆಗೆ ಹೋಗಿದ್ದು ಕಾಣೆ.”

“ಅದೇ ತೊಂದರೆ. ತಲೆಯ ಬಾಗಿಲಲ್ಲಿ ಕಾವಲಿದೆ. ರಕ್ತದಲ್ಲಿ ಬಂದದ್ದನ್ನೆಲ್ಲ ಒಳಗೆ ಬಿಡೋದಿಲ್ಲ. ಅದಕ್ಕೇ ಸಾರವನ್ನು ಕೊಬ್ಬಿನ ಕಣದೊಳಗೆ ಅಡಗಿಸಿದ್ದೀನಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಕಾವಲು ದಾಟುತ್ತೆ.”

“ನಮ್ಮಜ್ಜ ತುಪ್ಪದಲ್ಲಿ ಕಾಯಿಸುತ್ತಿದ್ದರು. ನೀನು ಅವರಿಗಿಂತ ಜಾಣೆ,” ಎಂದು ಪಂಡಿತರು ನಕ್ಕರು. “ಯಾರಿಗೆ ಕೊಟ್ಟು ನೋಡಿದೆ?”

“ಹನ್ನೆರಡು ಇಲಿಗಳಿಗೆ. ಒಂಬತ್ತು ಚುರುಕಾದವು. ಮರೆತ ದಾರಿ ಮತ್ತೆ ಹಿಡಿದವು.”

“ಇನ್ನು ಮೂರು?”

ಸುನಂದೆ ಶೀಶೆಯ ಮುಚ್ಚಳ ತಿರುಗಿಸತೊಡಗಿದಳು.

“ಕೇಳಿದ್ದು ನಿನ್ನನ್ನೇ.”

“ಸತ್ತವು.”

“ಯಾಕೆ?”

“ಗೊತ್ತಿಲ್ಲ. ಆದರೆ ಹೆದರಬೇಡಿ, ಗುರುಗಳೇ. ಮದ್ದು ಅರೆದವರೇ ಮೊದಲು ಕುಡೀಬೇಕು ಅನ್ನೋದು ಈ ಆಶ್ರಮದ ಪದ್ಧತಿ ಅಲ್ವಾ? ನೀವೇ ಕಲಿಸಿದ್ದು. ಎಂಟು ದಿನದಿಂದ ನಾನು ಕುಡೀತಿದ್ದೀನಿ. ನನಗೇನೂ ಆಗಿಲ್ಲ!”

ಪಂಡಿತರ ಕೈಯಿಂದ ಸೊಪ್ಪು ಜಾರಿತು.

“ಅಯ್ಯೋ, ಹುಚ್ಚು ಹುಡುಗಿ!”

ಅವಳ ಎಡಗೈ ಎಳೆದುಕೊಂಡು ನಾಡಿ ನೋಡಿದರು. ಸಾಲದೆಂದು ಬಲಗೈಯನ್ನೂ ನೋಡಿದರು. ಬಹಳ ಹೊತ್ತಿನ ಮೇಲೆ ಉಸಿರು ಬಿಟ್ಟರು.

“ಸತ್ತ ಆ ಮೂರು ಎಂಥ ಇಲಿಗಳು?”

ಅವಳು ಹೊಳೆಯ ಕಡೆ ನೋಡಿದಳು. “ಮುದಿಯವು.”

“ಮೂರೂ?”

“ಹನ್ನೆರಡರಲ್ಲಿ ಮುದಿಯವು ಇದ್ದದ್ದೇ ಮೂರು.”

“ನಿನಗೆ ಇಪ್ಪತ್ತಾರು. ನಿನ್ನ ಬಾಗಿಲಿನ ಕಾವಲುಗಾರ ಗಟ್ಟಿಮುಟ್ಟಾಗಿದ್ದಾನೆ. ನನಗೆ ಎಪ್ಪತ್ತೆಂಟು. ನನ್ನವನು ತೂಕಡಿಸುತ್ತಾ ಕೂತಿದ್ದಾನೆ. ನಿನಗೆ ಹನಿ ಹನಿಯಾಗಿ ಇಳಿದದ್ದು ನನಗೆ ಒಮ್ಮೆಲೇ ನುಗ್ಗಿದರೆ? ನೀನು ಕುಡಿದು ಪರೀಕ್ಷೆ ಮಾಡಿದ್ದು ನಿನ್ನ ತಲೆಯನ್ನು, ನನ್ನದನ್ನಲ್ಲ.”

ಸುನಂದೆಗೆ ಅಳು ತಡೆಯಲಾಗಲಿಲ್ಲ.

“ಕಾರಣ ಹುಡುಕೋಕೆ ಎರಡು ವರ್ಷ ಬೇಕು. ಅಷ್ಟರಲ್ಲಿ ನೀವು ನನ್ನನ್ನೇ ಮರೀತೀರಿ. ನನಗೆ ಭಯ ಆಗ್ತಿದೆ, ಗುರುಗಳೇ.”

“ನನಗೂ ಆಗ್ತಿದೆ. ನಿನಗಿಂತ ಹೆಚ್ಚೇ ಆಗ್ತಿದೆ.”

ಪಂಡಿತರು ಶೀಶೆಯನ್ನು ಅವಳ ಕೈಯಲ್ಲೇ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ಎರಡು ವರ್ಷ ಹುಡುಕು. ನನಗಲ್ಲದಿದ್ದರೆ ಇನ್ನೊಬ್ಬ ಮುದುಕನಿಗೆ ಆದೀತು. ನೀನೂ ಇನ್ನು ಒಂದು ತೊಟ್ಟೂ ಮುಟ್ಟಕೂಡದು. ಈಗ ಇದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕು. ಕೀಲಿ ಎಲ್ಲಿಟ್ಟೆ ಅಂತ ನನಗೆ ಹೇಳಬೇಡ.”

“ನೀವೇ ಬೇಡ ಅಂದಮೇಲೆ ಬೀಗ ಯಾಕೆ?”

“ಇವತ್ತಿನ ಬುದ್ಧಿ ನನಗೆ ನಾಳೆ ಇರೋದಿಲ್ಲ. ಮರೆವಿಗೆ ಹೆದರಿ, ಆ ಶೀಶೆ ಕೊಡು ಅಂತ ನಿನ್ನ ಕಾಲು ಹಿಡಿದೇನು. ಆಗ ಗುರುವಿನ ಮಾತು ಮೀರಬಾರದು ಅಂತ ಕೊಟ್ಟುಬಿಡಬೇಡ, ಮಗಳೇ.”